ನೇಕಾರ ಓಣಿಯ ನಳದಲ್ಲಿ ಬಂದ ಕೆಂಪು ನೀರು

ಹಿಂದೆ ಕುಳಿತವರು ಸ್ವಲ್ಪ ಮುಂದೆ ಬನ್ನಿ. ಕಂಬದ ಮರೆಯಲ್ಲಿ ಕುಳಿತವರೂ ಬನ್ನಿ. ದಾನದ ಮೇಲೆ ನಾಲ್ಕು ಮಾತು ಹೇಳಿ ಎಂದು ಸಮಿತಿಯವರು ಕೇಳಿದ್ದಾರೆ. ಹೇಳುತ್ತೇನೆ. ನಿಮಗೆ ಹಿತವಾಗುವಂತೆ ಹೇಳುತ್ತೇನೆಂದು ಮಾತ್ರ ಮಾತು ಕೊಡಲಾರೆ.

ಮಗ್ಗದ ಸದ್ದಿನ ಒಂದು ಊರು. ಆ ಊರಿಗೆ ದೊಡ್ಡವನು ಒಬ್ಬ ಸಾಹುಕಾರ. ಅವನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ‘ಓಹೋ, ಅವನಾ’ ಎಂದು ಹಗುರಾಗಿ ಗೋಡೆಗೆ ಒರಗಿಬಿಡುತ್ತೀರಿ. ಸೀರೆ ವ್ಯಾಪಾರ, ಎಣ್ಣೆ ಗಿರಣಿ, ಊರ ನಡುವೆ ತಾಯಿಯ ಹೆಸರಿನಲ್ಲಿ ಕಟ್ಟಿಸಿದ ಕಲ್ಯಾಣಮಂಟಪ. ಕೆಟ್ಟವನೇ? ನೋಡಿ, ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ. ಕೆಟ್ಟವನಲ್ಲ. ಬಡವರ ಮದುವೆಗೆ ಮಂಟಪವನ್ನು ಬಿಟ್ಟಿ ಕೊಡುತ್ತಿದ್ದ. ಬೇಸಿಗೆಯಲ್ಲಿ ಬಸ್ ನಿಲ್ದಾಣದ ಮುಂದೆ ಮಜ್ಜಿಗೆ ಹಂಚಿಸುತ್ತಿದ್ದ. ಕೆಟ್ಟವನಾಗಿದ್ದರೆ ಈ ಕಥೆ ಹೇಳುವ ಅಗತ್ಯವೇ ಇರಲಿಲ್ಲ.

ಅವನಿಗೊಬ್ಬಳು ಮಗಳು. ಅವಳ ಹೆಸರನ್ನು ಹೇಳುತ್ತೇನೆ, ಅದು ನಿಮ್ಮ ನೆನಪಿನಲ್ಲಿ ಇರಲಿ. ನೀಲಾಂಬಿಕಾ. ಊರವರ ಬಾಯಲ್ಲಿ ನೀಲಾ. ಬುದ್ಧಿವಂತೆ. ತಂದೆಗೆ ಅವಳನ್ನು ಡಾಕ್ಟರ್ ಮಾಡುವ ಆಸೆ. ಅವಳು ವಿಶ್ವವಿದ್ಯಾಲಯಕ್ಕೆ ಹೋಗಿ ಆರಿಸಿಕೊಂಡದ್ದು ಸಾರ್ವಜನಿಕ ಆರೋಗ್ಯ. ಮನೆಯಲ್ಲಿ ಯಾರಿಗೂ ಅದೇನೆಂದು ಅರ್ಥವಾಗಲಿಲ್ಲ.

‘ಸೂಜಿ ಮಾಡಾಕ ಬರೂದಿಲ್ಲ, ಗುಳಿಗಿ ಬರದು ಕೊಡಾಕ ಬರೂದಿಲ್ಲ. ಹಂಗಾದ್ರ ಅದು ಎಂಥಾ ಓದವಾ?’ ಎಂದ ತಂದೆ.

‘ಅಪ್ಪಾ, ಡಾಕ್ಟ್ರು ಜಡ್ಡು ಬಿದ್ದಾವ್ರನ್ನ ನೋಡ್ತಾರ. ನಾವು ಓಣಿ ನೋಡ್ತೀವಿ. ಈ ಓಣ್ಯಾಗ ಇಷ್ಟು ಮಂದಿ ಯಾಕ ಜಡ್ಡು ಬಿದ್ರು ಅಂತ ಹುಡುಕ್ತೀವಿ.’

‘ಅದನ್ನ ಹುಡುಕಾಕ ಯುನಿವರ್ಸಿಟಿಗೆ ಹೋಗಬೇಕೇನು? ಹಣೆಬಾರದಾಗ ಇದ್ದಾವ್ರು ಬೀಳ್ತಾರ.’

ಅಲ್ಲಿಗೆ ಆ ಮಾತು ಮುಗಿಯಿತು. ನೆಂಟರು ಕೇಳಿದರೆ ‘ಮಗಳು ಡಾಕ್ಟರ್ ಓದ್ತಾಳ’ ಎಂದು ಹೇಳಿಬಿಡುತ್ತಿದ್ದ. ನಗುತ್ತಿದ್ದೀರಿ. ನಗಬೇಡಿ. ಮುಂದೆ ಕೇಳಿ.

ಓದಿನ ಕೊನೆಯ ವರ್ಷ ಪ್ರತಿ ವಿದ್ಯಾರ್ಥಿಯೂ ಒಂದು ಊರಿಗೆ ಹೋಗಿ, ಅಲ್ಲಿನ ಒಂದು ಕಾಯಿಲೆಯ ಬೇರು ಹುಡುಕಿ ಬರಬೇಕಿತ್ತು. ನೀಲಾ ತನ್ನ ಊರನ್ನೇ ಆರಿಸಿಕೊಂಡಳು. ಮದುವೆಯ ಕಾಲ ಬಂತೆಂದರೆ ಅಲ್ಲಿನ ನೇಕಾರ ಓಣಿಯಲ್ಲಿ ಕಾಮಾಲೆ ಕಾಣಿಸಿಕೊಳ್ಳುತ್ತಿತ್ತು. ಕಣ್ಣು ಹಳದಿ, ಉಗುರು ಹಳದಿ, ಊಟ ಸೇರದು. ಮದುವೆ ಊಟದ ಎಣ್ಣೆ ಜಿಡ್ಡು ಎಂದರು ಕೆಲವರು. ದೇವಿಯ ಸಿಟ್ಟು ಎಂದರು ಕೆಲವರು. ನೀಲಾ ಮನೆ ಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳಿದಳು: ಕುಡಿಯುವ ನೀರು ಎಲ್ಲಿಂದ ತರುತ್ತೀರಿ?

ಜನ ಬೇಸತ್ತರು. ‘ಔಷಧ ತಂದೀ ಏನವಾ?’ ಎಂದು ಒಬ್ಬ ಮುದುಕಿ ಕೇಳಿದಳು. ಇಲ್ಲವೆಂದಾಗ, ‘ಬರೇ ಕೇಳಾಕ ಬಂದೀ? ಬಾಯಿ ನಮಗೂ ಐತಿ’ ಎಂದು ಬಾಗಿಲು ಎಳೆದುಕೊಂಡಳು.

ಬಾಗಿಲು ತೆರೆದವಳು ರೇಣವ್ವ. ಸಾಲೆಯಲ್ಲಿ ನೀಲಾಳ ಜೊತೆ ಒಂದೇ ಬೆಂಚಿನಲ್ಲಿ ಕುಳಿತವಳು. ಈಗ ಸಿದ್ರಾಮನೆಂಬ ನೇಕಾರನ ಹೆಂಡತಿ, ಚೊಚ್ಚಲ ಬಸುರಿ. ಗೆಳತಿಯನ್ನು ಮಗ್ಗದ ಪಕ್ಕ ಕೂಡಿಸಿ ಒಂದು ತಂಬಿಗೆ ನೀರು ಕೊಟ್ಟಳು.

‘ರೇಣಿ, ಈ ನೀರು ಕುದಿಸೀ ಏನ?’

‘ನಳದ ನೀರ ಯಾರ ಕುದಸ್ತಾರ? ಗ್ಯಾಸು ಅಡಗಿಗೇ ಸಾಲಂಗಿಲ್ಲ.’

‘ಸಾಲದಿದ್ರೂ ಕುದಸು. ಹೊಟ್ಟ್ಯಾಗ ಕೂಸೈತಿ. ಈ ಕಾಮಾಲಿ ಉಳದಾವ್ರಿಗೆ ಬಂದ್ರ ಹೋಗತೈತಿ. ಬಸುರಿಗೆ ಬಂದ್ರ ಹಂಗಲ್ಲ.’

ರೇಣವ್ವ ನಕ್ಕಳು. ‘ಸಾಲ್ಯಾಗ ಇದ್ದಾಗೂ ನೀ ಹಿಂಗ ಅಂಜಸ್ತಿದ್ದಿ’ ಎಂದಳು.

ಊರಿನ ಓಣಿಗಳನ್ನೆಲ್ಲ ತಿರುಗಿದ ಮೇಲೆ ನೀಲಾಳಿಗೆ ಒಂದು ಸಂಗತಿ ಹೊಳೆಯಿತು. ಬೋರಿನ ನೀರು ಕುಡಿಯುವ ಓಣಿಗಳಲ್ಲಿ ಕಾಮಾಲೆ ಇಲ್ಲ. ನಳದ ನೀರು ಕುಡಿಯುವ ನೇಕಾರ ಓಣಿಯಲ್ಲಿ ಮಾತ್ರ ಇದೆ. ಆ ನಳದ ಪೈಪು ಎಲ್ಲಿ ಹಾದು ಬರುತ್ತದೆ? ಗಟಾರದ ಒಳಗೆ. ಆ ಗಟಾರ ಎಲ್ಲಿ ಶುರುವಾಗುತ್ತದೆ? ಅವಳ ತಂದೆಯ ಕಲ್ಯಾಣಮಂಟಪದ ಹಿಂದೆ. ಮಂಟಪದ ಮುಂಭಾಗಕ್ಕೆ ಅಮೃತಶಿಲೆ. ಹಿಂಭಾಗದ ಪಾಯಖಾನೆಗಳಿಗೆ ಒಂದು ಗುಂಡಿಯನ್ನೂ ತೋಡಿರಲಿಲ್ಲ! ಹೊಲಸೆಲ್ಲ ಕಲ್ಲುಚಪ್ಪಡಿಯ ಕೆಳಗಿನಿಂದ ನೇರವಾಗಿ ಗಟಾರಕ್ಕೆ. ನಳಕ್ಕೆ ನೀರು ಬಿಡುವುದು ನಿಂತಾಗ, ಪೈಪು ಒಡೆದ ಕಡೆ ಗಟಾರದ ನೀರು ಒಳಗೆ ಇಳಿಯುತ್ತಿತ್ತು.

ತಂದೆಗೆ ಹೇಳಿದಳು. ‘ನಿನ್ನ ಕಣ್ಣಿಗೆ ಅದು ಕಾಣಸ್ತೇನು?’ ಎಂದ ಅವನು. ಕಾಣಿಸುವಂತೆ ಮಾಡುತ್ತೇನೆ ಎಂದಳು.

ಮಿಠಾಯಿಗೆ ಹಾಕುವ ಕೆಂಪು ಬಣ್ಣವನ್ನು ಬಕೆಟ್ಟಿನ ನೀರಿನಲ್ಲಿ ಗಟ್ಟಿಯಾಗಿ ಕಲಸಿದಳು. ‘ನಾಳೆ ನಳದ ನೀರು ಬಂದ ಕೂಡಲೆ ಹಿಡೀಬ್ಯಾಡ್ರಿ, ಬರೇ ನೋಡ್ರಿ’ ಎಂದು ಓಣಿಯ ಮನೆಗಳಿಗೆಲ್ಲ ಹೇಳಿ ಬಂದಳು. ಆಮೇಲೆ ಆ ಬಣ್ಣವನ್ನು ಮಂಟಪದ ಪಾಯಖಾನೆಗಳಲ್ಲಿ ಸುರಿದಳು. ಮರುದಿನ ಬೆಳಿಗ್ಗೆ ನಳ ಬಿಟ್ಟರು. ಗಾಳಿ ಬುಸುಗುಟ್ಟಿತು. ಆಮೇಲೆ ಬಂತು, ಕೆಂಪು ನೀರು.

ಹೆಂಗಸರು ಚೀರಿದರು. ಒಬ್ಬಾಕೆ ದೇವಿ ಮುನಿದಳೆಂದು ಬೀದಿಯಲ್ಲೇ ಅಡ್ಡಬಿದ್ದಳು. ನೀಲಾ ಅವಳನ್ನು ಎಬ್ಬಿಸಿ ಹೇಳಿದಳು: ‘ಯವ್ವಾ, ದೇವಿ ಅಲ್ಲ. ನಿನ್ನೆ ನಾ ಮಂಟಪದ ಪಾಯಖಾನ್ಯಾಗ ಹಾಕಿದ ಬಣ್ಣ ಇದು. ಇವತ್ತ ಬಣ್ಣ ಐತಿ ಅಂತ ಕಾಣಾಕತ್ತೈತಿ. ದಿನಾ ಇದನ್ನ ಕುಡ್ಯಾಕತ್ತೀರಿ, ಬಣ್ಣ ಇರಲಿಲ್ಲ ಅಷ್ಟ.’

ಈಗ ಹೇಳಿ. ಇಂಥ ಮಾತು ಕೇಳಿದ ಊರು ಏನು ಮಾಡಬೇಕಿತ್ತು? ಗುದ್ದಲಿ ಹಿಡಿದು ಗಟಾರಕ್ಕೆ ಹೋಗಬೇಕಿತ್ತು. ಹೋಯಿತೇ? ಇಲ್ಲ. ಊರು ನೀಲಾಳ ಮೇಲೆ ಬಿತ್ತು! ಹೊಲಸನ್ನು ಕುಡಿಸಿದವನ ಮೇಲೆ ಸಿಟ್ಟಿಲ್ಲ. ಹೊಲಸಿದೆ ಎಂದು ತೋರಿಸಿದವಳ ಮೇಲೆ ಸಿಟ್ಟು. ಚಾವಡಿಯಲ್ಲಿ ಹಿರಿಯರು ಸೇರಿದರು. ಸಾಹುಕಾರನೂ ಬಂದು ಕುಳಿತ.

‘ಅಪ್ಪ ಊರಿಗೆ ಎಷ್ಟ್ ಮಾಡ್ಯಾನ, ಮಗಳು ಊರ ಮರ್ಯಾದಿ ಕಳದ್ಲು’ ಎಂದ ಒಬ್ಬ ಹಿರಿಯ. ‘ನಾಳೆ ಈ ಊರಿಗೆ ಹೆಣ್ಣು ಕೊಡಾವ್ರು ಯಾರು? ನಿನ್ನ ಓದು ನಿನ್ನ ಯುನಿವರ್ಸಿಟ್ಯಾಗ ಇಟಗೋ ಯವ್ವಾ.’

ಸಾಹುಕಾರ ತಲೆ ಎತ್ತದೆ ಹೇಳಿದ: ‘ಗುಂಡಿ ತೋಡಸ್ತೀನಿ. ಲಗ್ನದ ಸುಗ್ಗಿ ಮುಗೀಲಿ. ಮಂಟಪ ಹಿಡದಾವ್ರಿಗೆ ಈಗ ಇಲ್ಲ ಅನ್ನಾಕ ಬರೂದಿಲ್ಲ.’

‘ಅಲ್ಲೀತನಕಾ ಓಣಿಯವ್ರು ನೀರು ಕುಡೀಬಾರದೇನಪ್ಪಾ?’ ಎಂದಳು ನೀಲಾ.

ಹಿರಿಯರು ಎದ್ದು ಧೋತರ ಕೊಡವಿಕೊಂಡು ಹೊರಟರು. ಮದುವೆಗಳು ನಡೆದವು. ಬಂದವರು ಅಕ್ಷತೆ ಹಾಕಿದರು, ಉಂಡರು, ಕೈ ತೊಳೆದರು, ಪಾಯಖಾನೆಗೆ ಹೋಗಿ ಊರಿಗೆ ಮರಳಿದರು. ಎಲ್ಲವೂ ಗಟಾರದಲ್ಲಿ ಹರಿದು ಓಣಿಯ ಕೊಡಗಳಿಗೆ ಬಂತು.

ಆ ಸುಗ್ಗಿ ಮುಗಿಯುವ ಹೊತ್ತಿಗೆ ರೇಣವ್ವನ ಕಣ್ಣು ಹಳದಿಯಾಯಿತು. ಮೊದಲು ನಾಟಿ ಔಷಧ ಹಾಕಿಸಿದರು. ಮಾತು ತೊದಲತೊಡಗಿದಾಗ ಜಿಲ್ಲಾ ಆಸ್ಪತ್ರೆಗೆ ಒಯ್ದರು. ಸಾಹುಕಾರನೇ ತನ್ನ ಕಾರು ಕಳಿಸಿದ. ವಿಶ್ವವಿದ್ಯಾಲಯಕ್ಕೆ ಮರಳಿದ್ದ ನೀಲಾ ಸುದ್ದಿ ಕೇಳಿ ಹಾಸ್ಟೆಲಿನಿಂದ ಓಡಿ ಬಂದಳು. ರೇಣವ್ವ ಅವಳ ಗುರುತು ಹಿಡಿದಳು.

‘ನೀಲಾ, ನೀ ಹೇಳಿದಂಗ ಕುದಿಸಿ ಕುಡೀಬೇಕಿತ್ತು. ತಪ್ಪು ನಂದ.’

‘ನಿಂದಲ್ಲ ರೇಣಿ. ನಿಂದಲ್ಲ’ ಎಂದಳು ನೀಲಾ. ಆ ಮಾತು ರೇಣವ್ವನಿಗೆ ಕೇಳಿಸಿತೋ ಇಲ್ಲವೋ. ಹೊಟ್ಟೆಯಲ್ಲಿದ್ದ ಕೂಸು ಮೊದಲು ಹೋಯಿತು. ಹಿಂದೆಯೇ ತಾಯಿ ಹೋದಳು.

ನೋಡಿ, ನನ್ನ ಹೊಟ್ಟೆಯಲ್ಲಿ ಬೆಂಕಿ ಬೀಳುವುದು ಇಲ್ಲಿ. ಸಾಯುತ್ತಿರುವ ಹೆಣ್ಣುಮಗಳು ತಪ್ಪು ತನ್ನದೆನ್ನುತ್ತಾಳೆ! ಗ್ಯಾಸು ಸಾಲದ ಮನೆಯವಳು ತಪ್ಪು ತನ್ನದೆನ್ನುತ್ತಾಳೆ. ಅಮೃತಶಿಲೆ ಹಾಸಿ ಗುಂಡಿ ತೋಡದವನು ಅನ್ನಲಿಲ್ಲ. ಚಾವಡಿಯಲ್ಲಿ ಮರ್ಯಾದೆಯ ಮಾತಾಡಿದವರು ಅನ್ನಲಿಲ್ಲ. ಕುದಿಸಿ ಕುಡಿ ಎಂದು ಬಡವಳಿಗೆ ಹೇಳುವವರಿದ್ದರು. ಮುಚ್ಚು ಆ ಗಟಾರ ಎಂದು ದೊಡ್ಡವನಿಗೆ ಹೇಳಲು ಮಗಳೊಬ್ಬಳನ್ನು ಬಿಟ್ಟು ಊರಲ್ಲಿ ಗಂಡಸರಿರಲಿಲ್ಲವೇ?

ಸಾಹುಕಾರನಿಗೆ ಸಂಕಟವಾಗಲಿಲ್ಲವೇ? ಆಯಿತು. ಊಟ ಬಿಟ್ಟ. ರೇಣವ್ವನ ಮಣ್ಣಿಗೆ ಹೋಗಿ ಅತ್ತ. ಆಮೇಲೆ ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದ. ದಾನ! ರೇಣವ್ವನ ಹೆಸರಿನಲ್ಲಿ ಊರಿಗೆ ಆಂಬುಲೆನ್ಸ್ ಕೊಟ್ಟ. ಮಂಟಪದ ಮುಂದೆ ಶಾಮಿಯಾನ, ಮೈಕು, ಹಾರ, ಶಾಲು. ಗುಂಡಿ ಮಾತ್ರ ಇನ್ನೂ ತೋಡಿರಲಿಲ್ಲ. ಗಾಡಿಗೆ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದರು. ಸಾಹುಕಾರನಿಗೆ ಹಾರ ಹಾಕಲು ಯಾರನ್ನು ಕರೆದರು ಗೊತ್ತೇ? ಸಿದ್ರಾಮನನ್ನು. ಹೆಂಡತಿಯನ್ನೂ ಕೂಸನ್ನೂ ಕಳೆದುಕೊಂಡವನನ್ನು ಕರೆದು ಅವನ ಕೈಯಲ್ಲಿ ಹಾರ ಕೊಟ್ಟರು. ಊರು ಚಪ್ಪಾಳೆ ತಟ್ಟಿತು.

ಸಿದ್ರಾಮ ಹಾರ ಹಿಡಿದು ನಿಂತ. ಸಾಹುಕಾರ ಕೊರಳು ಬಾಗಿಸಿದ. ಸಿದ್ರಾಮ ಹಾರವನ್ನು ಕುರ್ಚಿಯ ಮೇಲಿಟ್ಟ.

‘ಸಾಹುಕಾರ್ರ, ನನಗ ಗಾಡಿ ಬ್ಯಾಡ್ರಿ’ ಎಂದ. ‘ಈ ಗಾಡ್ಯಾಗ ನಮ್ಮ ಓಣಿಯವ್ರನ್ನ ಹಾಕ್ಕೊಂಡು ಹೋಗತೀರಿ. ಜಡ್ಡು ಕೊಡಾವ್ರೂ ನೀವ, ದವಾಖಾನಿಗೆ ಒಯ್ಯಾವ್ರೂ ನೀವ. ಗಟಾರ ಮುಚ್ಚರಿ. ಅಷ್ಟ ಸಾಕು.’

ಕಾರ್ಯಕ್ರಮ ನಡೆಸುತ್ತಿದ್ದವನು ಸಿದ್ರಾಮನ ಮುಂದಿದ್ದ ಮೈಕು ಕಸಿದುಕೊಳ್ಳಲು ಬಂದ. ಅಷ್ಟರಲ್ಲಿ ನೇಕಾರ ಓಣಿಯ ಹೆಂಗಸರು ಎದ್ದರು. ನೀಲಾಳ ಮುಖಕ್ಕೆ ಬಾಗಿಲು ಹಾಕಿದ್ದ ಮುದುಕಿ ಎಲ್ಲರಿಗಿಂತ ಮುಂದಿದ್ದಳು. ಹೋಗಿ ಮಂಟಪದ ಬಾಗಿಲಿಗೆ ಅಡ್ಡ ಕುಳಿತಳು. ಉಳಿದವರೂ ಅವಳ ಪಕ್ಕ ಕುಳಿತರು. ಗುಂಡಿ ತೋಡುವ ತನಕ ಇಲ್ಲಿ ಒಂದು ಲಗ್ನವೂ ಆಗುವುದಿಲ್ಲ ಎಂದರು. ವೇದಿಕೆಯ ಮೇಲೆ ತಂದೆಯ ಪಕ್ಕ ಕೂಡಿಸಿದ್ದ ನೀಲಾ ಇಳಿದು ಹೋಗಿ ಅವರ ನಡುವೆ ಕುಳಿತಳು.

ಸಾಹುಕಾರ ಮಗಳನ್ನು ನೋಡಿದ. ಎದ್ದು ಅವಳ ಮುಂದೆ ಬಂದು ನಿಂತು, ‘ಎಲ್ಲಿ ತೋಡಬೇಕು ತೋರಸವಾ’ ಎಂದ.

ಗುಂಡಿ ತೋಡಿದರು. ನಳದ ಪೈಪನ್ನು ಗಟಾರದಿಂದ ಹೊರಗೆ ತೆಗೆದು ಬೇರೆ ಕಡೆ ಹೂಳಿದರು. ಮುಂದಿನ ಮದುವೆಯ ಕಾಲ ಬಂತು, ಓಣಿಯಲ್ಲಿ ಒಬ್ಬರ ಕಣ್ಣೂ ಹಳದಿಯಾಗಲಿಲ್ಲ. ನೀಲಾ ಓದು ಮುಗಿಸಿ ಬೇರೆ ಜಿಲ್ಲೆಯಲ್ಲಿ ಕೆಲಸಕ್ಕೆ ಸೇರಿದಳು. ಅವಳಿಗೆ ಆ ಊರು ಹಾರ ಹಾಕಿತೇ? ಇಲ್ಲ. ಬರದೇ ಹೋದ ಜಡ್ಡಿನ ನೆನಪು ಯಾರಿಗಿರುತ್ತದೆ? ಆ ವರ್ಷ ಓಣಿಯಲ್ಲಿ ಹೆತ್ತ ತಾಯಂದಿರು ತಮ್ಮನ್ನು ಉಳಿಸಿದ್ದು ಯಾರೆಂದು ಒಂದು ಸಲವೂ ಯೋಚಿಸಿರಲಿಕ್ಕಿಲ್ಲ. ಸಿದ್ರಾಮನ ಮನೆಯಲ್ಲಿ ತೊಟ್ಟಿಲು ಕಟ್ಟಲೇ ಇಲ್ಲ.

ಕಥೆ ಮುಗಿಯಿತು. ಈಗ ನಿಮ್ಮ ಸರದಿ.

ನಿಟ್ಟುಸಿರು ಬಿಟ್ಟಿರಿ. ಪಾಪ ರೇಣವ್ವ ಎಂದಿರಿ. ಸಾಹುಕಾರನನ್ನು ಮನಸ್ಸಿನಲ್ಲೇ ಬೈದಿರಿ. ನಿಮ್ಮ ಮನೆಯ ಪಾಯಖಾನೆಯ ನೀರು ಎಲ್ಲಿಗೆ ಹೋಗುತ್ತದೆ? ಹೇಳಿ! ಮನೆ ಕಟ್ಟಿಸುವಾಗ ಮುಂಬಾಗಿಲಿನ ಕೆತ್ತನೆಗೆ ಬಡಗಿಯ ಜೊತೆ ಜಗಳವಾಡಿದಿರಿ. ಹಿಂದೆ ಗುಂಡಿ ತೋಡಿದ್ದಾರೋ ಇಲ್ಲವೋ ಎಂದು ಒಂದು ದಿನ ಹೋಗಿ ನೋಡಿದಿರಾ? ಮಗಳು ಇಂಥ ಓದು ಓದುತ್ತೇನೆ ಎಂದರೆ ‘ಅದಕ್ಕೆ ವರ ಸಿಗುತ್ತಾನಾ’ ಎಂದು ಕೇಳುವವರು ನೀವು. ಓದುವ ಹುಡುಗಿ ಬಾಗಿಲಿಗೆ ಬಂದು ನೀರು ಎಲ್ಲಿಯದು ಎಂದು ಕೇಳಿದರೆ ನಾಯಿ ಬಿಡುವವರು ನೀವು. ಆಸ್ಪತ್ರೆಗೆ ಹಾಸಿಗೆ ಕೊಟ್ಟವನ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತೀರಿ. ಹಾಸಿಗೆ ಹಿಡಿಯದಂತೆ ಕಾಯುವವಳಿಗೆ ಕೂರಲು ಒಂದು ಚಾಪೆ ಹಾಸುವುದಿಲ್ಲ.

ನಾಳೆಯಿಂದ ಇದು ಬದಲಾಗಬೇಕು. ನಿಮ್ಮ ಮನೆಯ ಹೊಲಸು ನಿಮ್ಮ ಮನೆಯ ಗುಂಡಿಯಲ್ಲೇ ಇರಬೇಕು. ಗುಂಡಿ ಇಲ್ಲದಿದ್ದರೆ ದೇವರ ಮುಂದೆ ದೀಪ ಹಚ್ಚುವ ಮೊದಲು ಅದನ್ನು ತೋಡಿಸಿ. ಗಟಾರದಲ್ಲಿ ನಳದ ಪೈಪು ಕಂಡರೆ ಪಂಚಾಯಿತಿಗೆ ಹೋಗಿ, ಕುಳಿತುಕೊಳ್ಳಿ, ಅದನ್ನು ತೆಗೆಯುವ ತನಕ ಏಳಬೇಡಿ. ಅಲ್ಲಿಯವರೆಗೆ ನೀರು ಕುದಿಸಿ. ಕುದಿಸಲಾಗದ ಮನೆ ಪಕ್ಕದಲ್ಲಿದ್ದರೆ, ನಿಮ್ಮ ಒಲೆಯ ಮೇಲೆ ಅವರ ನೀರನ್ನೂ ಇಡಿ. ಪ್ರಶ್ನೆ ಕೇಳುತ್ತ ಬಂದ ಹುಡುಗಿಗೆ ಕುರ್ಚಿ ಕೊಟ್ಟು ನಿಜ ಹೇಳಿ. ಅವಳು ಹೇಳಿದ್ದು ನಿಮಗೆ ನಾಚಿಕೆ ತರಿಸಿದರೆ, ನಾಚಿಕೆಪಟ್ಟು ಕೆಲಸಕ್ಕೆ ಇಳಿಯಿರಿ. ಇದು ದಾನ. ಉಳಿದದ್ದು ಫೋಟೋ.

ಇನ್ನೊಂದು ಮಾತಿದೆ. ಈ ಸಭೆ ಮುಗಿದ ಮೇಲೆ ನಿಮಗೆಲ್ಲ ಪ್ರಸಾದವಿದೆ. ಅಡುಗೆಗೂ ಕುಡಿಯಲಿಕ್ಕೂ ನೀರು ಎಲ್ಲಿಂದ ಬಂದಿದೆ ಎಂದು ಬೆಳಿಗ್ಗೆ ನಾನು ಸಮಿತಿಯವರನ್ನು ಕೇಳಿದೆ. ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಹೂವು ಎಲ್ಲಿಂದ ತಂದಿರಿ ಎಂದು ಕೇಳಿದ್ದರೆ ಅಂಗಡಿಯ ಹೆಸರು ಹೇಳುತ್ತಿದ್ದರು! ಏಳಿ. ಹೌದು, ಈಗಲೇ. ಆ ಪೈಪು ಎಲ್ಲಿಂದ ಬರುತ್ತದೆ, ಯಾವುದರೊಳಗೆ ಹಾದು ಬರುತ್ತದೆ, ಹೋಗಿ ಕಣ್ಣಿಂದ ನೋಡಿ ಬನ್ನಿ. ಗಂಡಸರೂ ಏಳಿ, ಹೆಂಗಸರೂ ಏಳಿ, ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕುಳಿತ ಹಿರಿಯರು ಎಲ್ಲರಿಗಿಂತ ಮೊದಲು ಏಳಿ. ನೀವು ನೋಡಿ ಬರುವ ತನಕ ಯಾರೂ ಎಲೆ ಹಾಕಬೇಡಿ. ನಾನು ಇಲ್ಲೇ ಕುಳಿತಿರುತ್ತೇನೆ.