ಅಂಚಿನ ಹಸಿರು

ಹೆಸರಾಂತ ಚಿತ್ರಕಾರರೊಬ್ಬರು ವಿನ್ಯಾಸ ಬರೆದುಕೊಟ್ಟ ರತ್ನಗಂಬಳಿ ಗ್ಯಾಲರಿಯ ಗೋಡೆಯ ಮೇಲಿತ್ತು. ನೋಡುವವರ ಸಾಲಿನಲ್ಲಿ ಡ್ರಾಯಿಂಗ್ ಮೇಷ್ಟ್ರ ಮುಂದೆ ಅಕ್ಕತಂಗಿಯರಿಬ್ಬರು ನಿಂತಿದ್ದರು.

"ಅಮ್ಮ ನೇಯ್ದಿದ್ದು ಇದೇ ಕಣೇ. ನೀಲಿ ಅಂಚಿಗೆ ಬರ್ತಾ ಹಸಿರಾಗಿರೋದು ಕಲಾವಿದರ ಧೈರ್ಯ ಅಂತೆ, ಪಕ್ಕದ ಚೀಟೀಲಿ ಬರ್ದಿದಾರೆ."

ಮೇಷ್ಟ್ರೂ ಅದನ್ನೇ ಮೆಚ್ಚಿಕೊಂಡಿದ್ದರು.

"ಧೈರ್ಯಾನೂ ಇಲ್ಲ, ಮಣ್ಣಂಗಟ್ಟೀನೂ ಇಲ್ಲ ಅಕ್ಕ. ಆಗ ಅಮ್ಮಂಗೆ ಕಣ್ಣು ಮಂಜಾಗಿತ್ತು. ನೂಲು ಎತ್ತಿಕೊಡ್ತಿದ್ದೋಳು ನಾನು."

"ಅದಕ್ಕೆ?"

"ನೀಲಿ ಮುಗ್ದೋಯ್ತು. ಹೊಸದು ಬರೋಕೆ ತಿಂಗಳು. ಅಷ್ಟರಲ್ಲಿ ಕಣ್ಣು ಪೂರ್ತಿ ಹೋದ್ರೆ ಅಂತ ಹೆದರಿ ಹಸಿರು ಕೊಟ್ಟೆ."

"ಅಮ್ಮ ಕೇಳ್ಲಿಲ್ವಾ?"

"'ನೀಲಿ ತಾನೇ?' ಅಂದ್ಳು. ಹೂಂ ಅಂದೆ."

ಸಾಲು ಸರಿಯಿತು. ತಂಗಿ ನಡೆಯುತ್ತಲೇ ಅಂದಳು:

"ಸಾಯೋವರೆಗೂ ಕಂಡೋರಿಗೆಲ್ಲ ಹೇಳ್ತಿದ್ಳು, 'ಅಂಚಿನ ತನಕ ಒಂದೇ ನೀಲಿ' ಅಂತ."