ಎಲಿ ಎತ್ತಿದ ಮ್ಯಾಲೆ

...ಬಾಗಲದಾಗ ನಿಂತು ಏನ ಮಾತು? ಒಳಗ ಬಾ ಮಮತಾ, ಕೂಡು. ನಿನ್ನ ಗಿರಾಕಿಗಳು ಮನಿ ತಪ್ಪಿ ಬಂದು ನನ್ನ ಮನಿ ಗಂಟಿ ಒತ್ತೋದು ಸಾಲದಂತ ಈಗ ನೀನೂ ಒತ್ತಿದಿ! ...ಯಾಕ, ನಗವಲ್ಲಿ? ಚಾಷ್ಟಿ ಮಾಡಿದೆ, ಅಷ್ಟ.

ನೋಡವ್ವಾ, ನಾನು ಈ ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿ. ನಿನ್ನ ಮ್ಯಾಲೆ ನನಗೇನು ಸಿಟ್ಟು? ನಿನ್ನ ತೊಡದೇವು ನಾನೂ ತಿಂದೀನಿ. ಬೋರಲ ಹಾಕಿದ ಮಡಕಿ ಮ್ಯಾಲೆ ಕಬ್ಬಿನ ಹಾಲಿನ ಹಿಟ್ಟು ಸವರಿ, ಹಾಳಿ ಹಂಗ ತೆಳ್ಳಗ ಎಬ್ಬಿಸ್ತಿ... ಕೈ ಅಂದ್ರ ಕೈ! ಆದ್ರ ಮಧ್ಯಾಹ್ನ ಕಣ್ಣು ಹತ್ತೂ ಹೊತ್ತಿಗೆ 'ತೊಡದೇವು ಐತೇನ್ರಿ' ಅಂತ ನನ್ನ ಎಬ್ಬಿಸಿದ್ರ? ಮಾರಾಕ ಅಂತ ಮನ್ಯಾಗ ಒಲಿ ಹಚ್ಚಬಾರದು, ಸಂಘ ನಿಯಮ ಮಾಡೇತಿ. ಒಂದನೇ ತಾರೀಖಿನಿಂದ ಬಂದ್. ನಾ ಒಬ್ಬಾಕಿ ಮಾಡಿದ್ದಲ್ಲ.

ಏನು, ಹೊಟ್ಟಿಪಾಡಾ? ಗೊತ್ತೈತವ್ವಾ, ಗೊತ್ತೈತಿ... ಹಂಗ ನೋಡಬ್ಯಾಡ.

ಆ ವಕೀಲ ಉಲ್ಲಾಸ ತಲಿ ತುಂಬ್ಯಾನ, ಹೌದಲ್ಲ? ಮನಿ ಕೊಳ್ಳುವಾಗ ಎಲ್ಲಾರೂ ಸಹಿ ಹಾಕಿದ ಕರಾರು ಐತಿ, ಅದರಾಗ ಒಂದು ಗೆರಿ ತಿದ್ದಬೇಕಂದ್ರೂ ಮಾಲಕರೆಲ್ಲಾ ಒಪ್ಪಬೇಕು, ಒಬ್ಬಾಕಿ ಒಲ್ಲೆ ಅಂದ್ರೂ ನಿಯಮ ನಿಲ್ಲೂದಿಲ್ಲ... ಖರೇನ ಐತಿ. ನಾ ಎಲ್ಲಿ ಇಲ್ಲ ಅಂದೆ? ಎಲ್ಲಾರೂ ಒಪ್ಪ್ಯಾರ. ನೀನೂ ಒಪ್ಪೀದಿ!

ಯಾಕ ತಲಿ ಅಲ್ಲಾಡಸ್ತಿ? ಸಭೆಯಾಗ ಎಲಿ ಎತ್ತಿಲ್ಲೇನು ನೀನು? ನಿಮ್ಮ ಮನ್ಮನೆ ಕಡೆ ಕವಳ ಅಂತಾರ, ನಮ್ಮ ಬನವಾಸಿ ಕಡೆ ಎಲಿ-ಅಡಿಕಿ. ನಮ್ಮಪ್ಪ ಪಂಚರ ನಡುವ ಕೂತಾಗ ಇದ ರೀತಿ. ಮಾತು ಮುಗಿದ ಮ್ಯಾಲೆ ಎಲಿ-ಅಡಿಕಿ ತಟ್ಟಿ ತಿರುಗತಿತ್ತು. ಎಲಿ ಎತ್ತಿದಾಂವ ಒಪ್ಪಿದ, ಒಲ್ಲದಾಂವ ತಟ್ಟಿ ಹಿಂದ ಸರಿಸಿದ. ಮುಗೀತು! ಹೊಲ, ಮದುವಿ, ಎಲ್ಲಾ ಇತ್ಯರ್ಥ ಆಗಿದ್ದು ಹಂಗ. ಸಹಿ-ಗಿಹಿ ಯಾರು ಕೇಳತಿದ್ರು? ನಾನೂ ಅವತ್ತು ಇಲ್ಲೇ, ಈ ಪಡಸಾಲ್ಯಾಗ, ತಟ್ಟಿ ತಿರುಗಿಸಿದೆ. ನೀ ಎತ್ತಿದಿ. ನಾನ ಕೈಯಾರೆ ಕೊಟ್ಟೀನಿ!

ಏನು? ...ಹೌದು, ಬಾಗಲದಾಗ ಕೊಟ್ಟೆ. ಮಡಕಿ ಕಾಯಾಕತ್ತೈತಿ ಅಂತ ನೀ ಅವಸರ ಮಾಡಿ ಎದ್ದಿ. ಮನಿಗೆ ಬಂದಾಕಿನ್ನ ಬರಿಗೈಲೆ ಹೆಂಗ ಕಳಸ್ಲಿ? ಕೊಟ್ಟೆ, ನೀ ಇಸ್ಕೊಂಡಿ, ನಕ್ಕಿ. ಎಲಿ ಎಲಿನ ಅಲ್ಲೇನು?

...ಬಿಡು. ಜಗಳ ಬ್ಯಾಡ. ತಟ್ಟಿ ಇಲ್ಲೇ ಐತಿ. ಈಗ ಇನ್ನೊಮ್ಮೆ ಎತ್ತು. ಭಾನುವಾರ ಎಲ್ಲಾರೂ ಕೂಡತಾರ, 'ಮಮತಾ ಒಪ್ಪ್ಯಾಳೇನ್ರಿ ಗಿರಿಜವ್ವಾ' ಅಂತ ಕೇಳತಾರ. ನನ್ನ ಮಾತು ಉಳಿಸವ್ವಾ. ಒಂದ ಒಂದು ಎಲಿ...

ತಟ್ಟಿ ಯಾಕ ಹಂಗ ನೋಡ್ತಿ? ಅದೇನು ಕೇಳ್ತಿ, ನಿಯಮ ಯಾವಾಗ ಓದಿದೆ ಅಂತನಾ?

...ಕೇಳ್ಲಿಲ್ಲಾ? ನೀ ಏನೂ ಕೇಳ್ಲಿಲ್ಲೇನು?

ಮತ್ತ ಏನಾರ ಅನ್ನು! ಬಯ್ಯಿ ಬೇಕಾದ್ರ! ...ಓದಿದೆನವ್ವಾ. ಎಲ್ಲಾರ ಮುಂದನ ಓದಿದೆ. ನೀ ಮೆಟ್ಟಲ ಹತ್ತಿದ ಸಪ್ಪಳ ನಿಂತ ಮ್ಯಾಲೆ... ನಿನ್ನ ಬಾಗಲ ಹಾಕಿದ್ದು ಕೇಳಿಸಿದ ಮ್ಯಾಲೆ...

ಮಮತಾ? ...ಬ್ಯಾಡ, ತಟ್ಟಿ ಅಲ್ಲೇ ಇರಲಿ... ನನ್ನ ಕಡೆ ಸರಿಸಬ್ಯಾಡವ್ವಾ.