ಏಳನೇ ಎಣಿಕೆ

ಒಂಬತ್ತನೇ ಅವೆನ್ಯೂವಿನ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಮುದುಕಿ ಊರುಗೋಲನ್ನು ಮಲಗಿದ ಮಗುವಿನಂತೆ ಮಡಿಲಲ್ಲಿಟ್ಟುಕೊಂಡಿದ್ದಳು. ಬ್ರಾಡ್‌ವೇ ಸಂಗೀತ ನಾಟಕಗಳಿಗೆ ಕುಣಿತ ಕಟ್ಟುವವಳೆಂದು ಮಾತಿನಲ್ಲೇ ತಿಳಿಯಿತು. ಪಕ್ಕದಲ್ಲಿದ್ದ ನರೆಗೂದಲಿನ ಕ್ಲೈವ್, ಅವಳ ಕುಣಿತವನ್ನು ಹೊಸಬರಿಗೆ ಕಲಿಸುವವನು.

“ವಿನಿ, ನಿಮ್ಮ ಕುಣಿತದಲ್ಲಿ ಏಳನೇ ಎಣಿಕೆಗೆ ಇಪ್ಪತ್ತು ಜನಾನೂ ಗಕ್ಕನೆ ನಿಲ್ತಾರಲ್ಲ, ಅದನ್ನ ತೆಗೀಬೇಕಂತೆ. ಹೊಸ ನಿರ್ದೇಶಕನ ಹಟ.”

“ಯಾಕಂತೆ?”

“ಯಾರೋ ಹೆಜ್ಜೆ ಮರೆತ ಹಾಗೆ ಕಾಣುತ್ತಂತೆ.”

“ಅವನ ಮುಖಾನೂ ಹಾಗೇ ಕಾಣುತ್ತೆ. ಅದನ್ನೂ ತೆಗೆಸೋಣ್ವಾ?”

ಇಬ್ಬರೂ ನಕ್ಕರು. ಅವಳ ನಗು ಬೇಗ ಮುಗಿಯಿತು.

“ನಿಜ ಹೇಳಿ, ಇಷ್ಟು ವರ್ಷ ಯಾಕೆ ಉಳಿಸ್ಕೊಂಡ್ರಿ ಅದನ್ನ?”

“ಮೊದಲ ತಂಡದಲ್ಲಿ ಕುಣೀತಿದ್ದ ನಮ್ಮ ಟೆರೆನ್ಸ್ ಇದ್ದನಲ್ಲ, ಅವನ ಮಂಡಿ ಹೋಗಿತ್ತು ಕಣೋ. ಏಳಕ್ಕೆ ಬಂದ್ರೆ ಕಾಲು ನಿಂತುಬಿಡ್ತಿತ್ತು. ಗೊತ್ತಾದ್ರೆ ಕೆಲಸದಿಂದ ತೆಗೀತಿದ್ರು. ಅದಕ್ಕೇ ಎಲ್ಲರನ್ನೂ ನಿಲ್ಲಿಸಿಬಿಟ್ಟೆ.”

“ಯಾರಿಗೂ ಗೊತ್ತಾಗ್ಲಿಲ್ವಾ?”

“ಪತ್ರಿಕೆಯವರು ಆ ನಿಲ್ಲೋದನ್ನೇ ಹೊಗಳಿದ್ರು! ಅವನು ಮರುವರ್ಷ ತೀರಿಹೋದ.”

“ಇದನ್ನೇ ನಿರ್ದೇಶಕನಿಗೆ ಹೇಳಿ ವಿನಿ, ಬಾಯಿ ಮುಚ್ತಾನೆ.”

“ಯಾರಿಗೂ ಹೇಳಲ್ಲ ಅಂತ ಟೆರೆನ್ಸ್‌ಗೆ ಮಾತು ಕೊಟ್ಟಿದ್ದೆ. ನಿನಗೆ ಹೇಳಿದ್ದೇ ತಪ್ಪಾಯ್ತು.”

“ಹಾಗಾದ್ರೆ?”

“ತೆಗೆದುಬಿಡು. ಈ ಮಕ್ಕಳ ಮಂಡಿ ಗಟ್ಟಿಯಾಗಿದೆ.”

ಬಸ್ಸು ನಿಂತಿತು. ಇಬ್ಬರೂ ಇಳಿದು ಎದುರಿನ ರಂಗಮಂದಿರದ ಹಿಂಬಾಗಿಲ ಕಡೆ ನಡೆದದ್ದು ಕಿಟಕಿಯಿಂದ ಕಂಡಿತು. ಬಾಗಿಲಲ್ಲಿ ಕುಣಿಯುವ ಹುಡುಗಿಯರು ಗುಂಪಾಗಿ ನಿಂತು ನೋಡುತ್ತಿದ್ದರು. ಅಷ್ಟರಲ್ಲಿ ಮುದುಕಿಯ ಕಾಲು ಹಿಡಿದುಕೊಂಡಿತು, ಅಲ್ಲೇ ನಿಂತಳು. ಕ್ಲೈವ್ ಕೂಡ ತಟ್ಟನೆ ನಿಂತು, ಬಗ್ಗಿ, ಬಿಚ್ಚಿರದ ತನ್ನ ಶೂ ಲೇಸನ್ನು ನಿಧಾನವಾಗಿ ಕಟ್ಟತೊಡಗಿದ.